ಬಾಯಿ ಬಿಟ್ಟು ಕೇಳಿದವರಿಗೆ ರೊಟ್ಟಿ

ನಮ್ಮ ಊರಿನಲ್ಲಿ ಯಾರಾದರೂ ಯಾರನ್ನಾದರೂ ಫೋನಿನಲ್ಲಿ ಬೈದು ಬರೆದರೆ ಆ ಬೈಗುಳ ಫೋನಿನಲ್ಲಿ ಹೋಗುವುದಿಲ್ಲ, ನಡೆದುಕೊಂಡು ಹೋಗುತ್ತದೆ. ಬರೆದವನ ಹಿತ್ತಲ ಬಾಗಿಲಿನಿಂದ ಒಂದು ಬಿಳಿ ಬಾತುಕೋಳಿ ಹೊರಗೆ ಬರುತ್ತದೆ. ಮೈ ಕೊಡವಿ, ಅತ್ತಿತ್ತ ನೋಡಿ, ಯಾರನ್ನು ಬೈಯಬೇಕೋ ಅವರ ಮನೆಯ ದಾರಿ ಹಿಡಿಯುತ್ತದೆ. ಅಲ್ಲಿ ಬಾಗಿಲಲ್ಲಿ ನಿಂತು ಬರೆದದ್ದನ್ನು ಬರೆದ ಹಾಗೆ ಹೇಳುತ್ತದೆ. ಹೇಳಿ ಹೋಗಿಬಿಡುವುದಿಲ್ಲ, ಅಲ್ಲೇ ಉಳಿದು ಮನಸ್ಸು ಬಂದಾಗ ಮತ್ತೆ ಹೇಳುತ್ತದೆ. ಬಾತುಕೋಳಿಯೇ ಯಾಕೆ, ನವಿಲು ಯಾಕಲ್ಲ ಎಂದು ಹೊರಗಿನವರು ಕೇಳುತ್ತಾರೆ. ನಮ್ಮನ್ನು ಯಾರೂ ಕೇಳಿ ಕೊಟ್ಟದ್ದಲ್ಲ. ಕೇಳಿದ್ದರೆ ನಾವೂ ನವಿಲನ್ನೇ ಹೇಳುತ್ತಿದ್ದೆವು.

ಬಂದ ಬಾತಿಗೆ ಬೈಸಿಕೊಂಡವರೇ ಕಾಳು ಹಾಕಬೇಕು. ಓಡಿಸಿದರೆ ತಿರುಗಿ ಬರುತ್ತದೆ. ಒಮ್ಮೆ ಯಾರೋ ಸಿಟ್ಟಿನಲ್ಲಿ ಕೊಯ್ದು ಸಾರು ಮಾಡಿದರಂತೆ, ಊಟಕ್ಕೆ ಕೂತ ಬೀಗರನ್ನೆಲ್ಲ ಸಾರು ಬೈದಿತಂತೆ. ಅದನ್ನು ಕಳಿಸಲು ಒಂದೇ ದಾರಿ. ಬರೆದವನು ತಾನೇ ಬಂದು ಎತ್ತಿಕೊಳ್ಳಬೇಕು. ಅವನು ಹಿಡಿದಿರುವಷ್ಟು ಹೊತ್ತು ಅದು ಮಾತಾಡುವುದಿಲ್ಲ, ಅವನ ಮನೆಯ ಹೊಸ್ತಿಲು ದಾಟಿದರೆ ಇಲ್ಲವಾಗುತ್ತದೆ.

ಆದರೆ ಬಂದು ಎತ್ತಿಕೊಳ್ಳುವವರು ಯಾರು? ಬಾತುಗಳದ್ದೆಲ್ಲ ಒಂದೇ ಒಡಕು ದನಿ, ಅದರಿಂದ ಗುರುತು ಸಿಗುವುದಿಲ್ಲ. ಬಂದ ದಾರಿಯನ್ನು ನೋಡಿದರೆ ಗೊತ್ತಾಗುತ್ತದೆ, ಆದರೆ ನೋಡುವುದು ನಮ್ಮಲ್ಲಿ ಮರ್ಯಾದೆಯಲ್ಲ. ಬೀದಿಯಲ್ಲಿ ಬಾತು ಬಂತೆಂದರೆ ಮೊದಲು ಕಂಡವರು "ಗ್ವಾಡಿ ನೋಡ್ರಿ" ಎನ್ನುತ್ತಾರೆ. ಎಲ್ಲರೂ ಹತ್ತಿರದ ಗೋಡೆಗೆ ಮುಖ ಮಾಡಿ ನಿಲ್ಲುತ್ತಾರೆ. ಹೀಗಾಗಿ ನಮ್ಮಲ್ಲಿ ಗೋಡೆ ಜಾಹೀರಾತಿಗೆ ಬಹಳ ಬೇಡಿಕೆ. ಇನ್ನೊಂದು ಸಂಗತಿ: ತನ್ನನ್ನು ಬರೆದವನು ಬಾಯಿ ತೆರೆದದ್ದು ಕಿವಿಗೆ ಬಿದ್ದರೆ ಬಾತು ಓಡಿ ಹೋಗಿ ಅವನ ಕಾಲ ಬಳಿ ನಿಲ್ಲುತ್ತದೆ. ಅದಕ್ಕೇ ಬೈದವರು ಬೈಸಿಕೊಂಡವರ ಓಣಿಗೆ ಹೋಗುವುದಿಲ್ಲ. ಹೋದರೂ ಮೂಕರ ಹಾಗೆ ಹೋಗಿ ಬರುತ್ತಾರೆ.

ನನ್ನ ಹೆಸರು ಸಂಗಕ್ಕ. ಬಸ್ ನಿಲ್ದಾಣದ ಹಿಂದೆ ನನ್ನ ಖಾನಾವಳಿ ಇದೆ. ಗಂಡ ತೀರಿಕೊಂಡ ಮೇಲೆ ರೊಟ್ಟಿ ಬಡಿಯುವುದೊಂದೇ ನನಗೆ ಗೊತ್ತಿದ್ದ ಕೆಲಸ, ಅದನ್ನೇ ಹಿಡಿದೆ. ಊಟಕ್ಕೆ ಕೂತವರನ್ನು ನೋಡುತ್ತ ನೋಡುತ್ತ ಮನುಷ್ಯರ ಬಗ್ಗೆ ಅಷ್ಟಿಷ್ಟು ತಿಳಿದಿದೆ. ಸಾಕಾಗುವಷ್ಟು ತಿಳಿದಿದೆ.

ಮಾಳಿಗೆಯ ಮೇಲಿನ ಕೋಣೆಯಲ್ಲಿ ದ್ಯಾಮವ್ವ ಬಾಡಿಗೆಗೆ ಇದ್ದಳು. ಊರ ಕಬಡ್ಡಿ ತಂಡದಲ್ಲಿ ಅವಳಿಗೆ ಸಂಬಳದ ಕೆಲಸ. ಎದುರಾಳಿಗಳ ಅಂಗಳಕ್ಕೆ ನುಗ್ಗಿ ಮುಟ್ಟಿ ಬರುವವಳು ಅವಳೇ. ಉದ್ದ ಕಾಲಿನ, ಕಡಿಮೆ ಮಾತಿನ ಹುಡುಗಿ. ಬೆಳಿಗ್ಗೆ ಮಾಳಿಗೆಯ ಮೇಲೆ ನಿಂತು ಒಂದೇ ಉಸಿರಿನಲ್ಲಿ "ಕಬಡ್ಡಿ ಕಬಡ್ಡಿ" ಅನ್ನುವ ಅಭ್ಯಾಸ ಮಾಡುತ್ತಿದ್ದಳು. ನಾನು ಕೆಳಗೆ ಅದೇ ತಾಳಕ್ಕೆ ರೊಟ್ಟಿ ಬಡಿಯುತ್ತಿದ್ದೆ. ಅವಳ ಉಸಿರು ನಿಲ್ಲುವಷ್ಟರಲ್ಲಿ ನನ್ನದೊಂದು ರೊಟ್ಟಿ ಮುಗಿಯುತ್ತಿತ್ತು.

ಊರಿಗೆ ಫೋನಿನಲ್ಲಿ ರೊಕ್ಕ ಕಟ್ಟಿ ಆಡುವ ಪಂಥ ಬಂದದ್ದು ಇತ್ತೀಚೆಗೆ. ಮೊದಲು ಯಾರು ಗೆಲ್ಲುತ್ತಾರೆ ಎಂದಷ್ಟೇ ಕಟ್ಟುತ್ತಿದ್ದರು. ಆಮೇಲೆ ದ್ಯಾಮವ್ವ ಮೊದಲು ಎಡಗಾಲಿಡುತ್ತಾಳೋ ಬಲಗಾಲೋ, ಅವಳೊಬ್ಬಳಿಗೇ ಹತ್ತು ಅಂಕ ಬರುತ್ತವೋ ಇಲ್ಲವೋ ಎಂದೆಲ್ಲ ಕಟ್ಟತೊಡಗಿದರು. ನನ್ನ ಖಾನಾವಳಿಯಲ್ಲಿ ಎಡಗೈಯಲ್ಲಿ ಫೋನು, ಬಲಗೈಯಲ್ಲಿ ತುತ್ತು ಹಿಡಿದವರು ಹೆಚ್ಚಿದರು. ಪಲ್ಯಕ್ಕೆ ಉಪ್ಪು ಹಾಕುವುದು ಮರೆತ ದಿನವೂ ಯಾರೂ ಏನೂ ಅನ್ನಲಿಲ್ಲ. ಅವತ್ತೇ ನನಗೆ ಚಿಂತೆಯಾದದ್ದು.

ಸೆಮಿಫೈನಲ್ ಆಯಿತು. ಕೊನೆಯ ಸರದಿ ದ್ಯಾಮವ್ವನದು. ತಂಡ ಒಂದು ಅಂಕ ಮುಂದಿತ್ತು, ಅವಳ ಸ್ವಂತ ಲೆಕ್ಕ ಒಂಬತ್ತಕ್ಕೆ ನಿಂತಿತ್ತು. ಎದುರಾಳಿಗಳು ಬಾಯಿ ತೆರೆದ ಬೋನಿನ ಹಾಗೆ ಕಾಯುತ್ತಿದ್ದರು. ದ್ಯಾಮವ್ವ ಹೋದಳು, ದಾಟಬೇಕಾದ ಗೆರೆ ದಾಟಿದಳು, ಯಾರನ್ನೂ ಮುಟ್ಟದೆ ತಿರುಗಿ ಬಂದಳು. ಬುದ್ಧಿ ಇದ್ದವರು ಮಾಡುವುದೇ ಅದು. ತಂಡ ಗೆದ್ದಿತು. ಹಲಗೆ ಬಾರಿಸಿದರು.

ಅವಳು ಮನೆ ಮುಟ್ಟುವ ಮೊದಲೇ ಬಾತುಗಳು ಮುಟ್ಟಿದ್ದವು. ಮೆಟ್ಟಿಲ ಮೇಲೆ, ಕಟ್ಟೆಯ ಮೇಲೆ, ನೀರಿನ ಟಾಕಿಯ ಮೇಲೆ ಎಲ್ಲ ಕಡೆ ಬಿಳಿ. ಇನ್ನೂ ಬರುತ್ತಲೇ ಇದ್ದವು. ಓಣಿಯ ಜನ ಗೋಡೆ ನೋಡಿ ನೋಡಿ ಕತ್ತು ಹಿಡಿದುಕೊಂಡರು.

"ಅಕ್ಕಾರ, ನಾವು ಗೆದ್ದೀವಲ್ರಿ," ಎಂದಳು ದ್ಯಾಮವ್ವ. "ಮತ್ತ ಇವೆಲ್ಲಾ ಯಾಕ ಬಂದಾವ?"

"ನೀ ಗೆದ್ದಿ. ಅವರು ಸೋತಾರ," ಎಂದೆ.

"ಒಂಬತ್ತಕ್ಕ ಕುಂತೆಲ್ಲ, ಹತ್ತನೇದು ನಿಮ್ಮಪ್ಪ ಬಂದು ತಗೀತಾನೇನು," ಎಂದಿತು ಒಂದು. "ಎಷ್ಟಕ್ಕ ಮಾರ್ಕೊಂಡಿ," ಎಂದಿತು ಇನ್ನೊಂದು. ಟಾಕಿಯ ಮೇಲಿದ್ದದ್ದು ಕತ್ತು ಬಾಗಿಸಿ, "ತಮ್ಮ ಮಂಡಿ ಚಿಪ್ಪು ಸಿಡೀಲ್ರಿ, ತಾವು ಇನ್ನ ಮುಂದ ಕುಂಟ್ರಿ," ಎಂದಿತು. ನಾನು ಆ ಬಾತನ್ನು ಎರಡನೇ ಸಲ ನೋಡಿದೆ. ನಮ್ಮ ಊರಿನಲ್ಲಿ ನಾಯಿಗೂ 'ರೀ' ಹಚ್ಚಿ ಮಾತಾಡುವವರು ಒಬ್ಬರೇ, ಅರಿವೆ ಅಂಗಡಿಯ ಶಿವಬಸಪ್ಪ ಸಾವ್ಕಾರರು. ಆದರೆ ನಾನೂ ಮರ್ಯಾದೆಯವಳು. ಗೋಡೆ ನೋಡಿದೆ.

ಅಷ್ಟಾಗಿದ್ದರೆ ಕಾಳು ಹಾಕಿಕೊಂಡು ಇದ್ದುಬಿಡುತ್ತಿದ್ದೆವು. ಆದರೆ ಮಾಳಿಗೆಯ ಮೂಲೆಯಲ್ಲಿ ಒಂದು ಬಾತು ಕೂತಿತ್ತು, ಸಣ್ಣದು. ಬೆಳಿಗ್ಗೆ ದ್ಯಾಮವ್ವ ಉಸಿರು ಹಿಡಿದು ಅಭ್ಯಾಸ ಶುರುಮಾಡಿದ ಕೂಡಲೇ ಅದು ಬಾಯಿ ತೆರೆಯಿತು. "ನಿಮ್ಮವ್ವ ನಸುಕಿನಾಗ ಒಬ್ಬಾಕಿನ ಬಾವಿಗೆ ಬರ್ತಾಳ. ನನಗ ಗೊತ್ತೈತಿ." ಇಷ್ಟೇ ಮಾತು, ಬೈಗುಳದ ಒಂದು ಶಬ್ದವೂ ಇಲ್ಲ. ದ್ಯಾಮವ್ವನ ಉಸಿರು ಕಡಿಯಿತು. ಮತ್ತೆ ಶುರುಮಾಡಿದಳು, ಅದು ಮತ್ತೆ ಹೇಳಿತು. ನನ್ನ ರೊಟ್ಟಿ ಅರ್ಧಕ್ಕೇ ನಿಂತಿತು.

ಕಬಡ್ಡಿಯಲ್ಲಿ ಉಸಿರು ಕಡಿದವಳು ಅಂಗಳದ ಹೊರಗೆ ಹೋಗಬೇಕು. ದ್ಯಾಮವ್ವ ಎರಡು ದಿನ ಪ್ರಯತ್ನ ಮಾಡಿದಳು. ಆಮೇಲೆ ಚೀಲ ತುಂಬಿಕೊಂಡು ಕೆಳಗೆ ಬಂದಳು.

"ಊರಿಗೆ ಹೋಗ್ತೀನ್ರಿ ಅಕ್ಕಾರ. ಅವ್ವ ಒಬ್ಬಾಕಿನ ಇರ್ತಾಳ."

"ಐತವಾರ ಫೈನಲ್ ಐತಿ."

"ಬ್ಯಾರೆ ಯಾರರೆ ಆಡ್ಲಿ. ನಾನು ತಮ್ಮನ ಕೂಡ ಗಿರಣಿ ನೋಡ್ಕೊಂಡಿರ್ತೀನಿ. ಗಿರಣಿ ಸಪ್ಪಳದಾಗ ಇಂಥಾವೇನೂ ಕೇಳ್ಸಂಗಿಲ್ಲ."

ಅದು ಹಟದ ಮಾತಾಗಿದ್ದರೆ ನಾನು ಬುದ್ಧಿ ಹೇಳುತ್ತಿದ್ದೆ. ಹೆದರಿದವರಿಗೆ ಬುದ್ಧಿ ಹೇಳಿ ಉಪಯೋಗವಿಲ್ಲ, ಕೆಲಸ ಹೇಳಬೇಕು. "ನಾಳೆ ಮಧ್ಯಾಹ್ನ ನನಗ ಬಡಸಾಕ ಒಂದು ಕೈ ಬೇಕು," ಎಂದೆ. "ಅದೊಂದು ಮಾಡಿಕೊಟ್ಟು ಸಂಜಿ ಬಸ್ಸಿಗೆ ಹೋಗು."

ನನ್ನ ತಲೆಯಲ್ಲಿ ಒಂದು ಲೆಕ್ಕ ಓಡುತ್ತಿತ್ತು. ಆ ಎರಡು ದಿನ ನನ್ನ ಖಾನಾವಳಿಯಲ್ಲಿ ವಿಚಿತ್ರವಾದ ಮೌನ ಹಬ್ಬಿತ್ತು. ಎಲ್ಲರೂ ಬರುತ್ತಿದ್ದರು. ಬರದಿದ್ದರೆ ಅನುಮಾನ, ಬಂದರೆ ಬಾತು. ಬಂದು ಬಾಯಿ ಹೊಲಿದುಕೊಂಡವರ ಹಾಗೆ ಕೂರುತ್ತಿದ್ದರು. ರೊಟ್ಟಿ ಬೇಕಾದರೆ ಬೆರಳೆತ್ತುವುದು, ಮಜ್ಜಿಗೆ ಬೇಕಾದರೆ ಲೋಟ ಅಲ್ಲಾಡಿಸುವುದು, ಸಾಕಾದರೆ ತಾಟಿನ ಮೇಲೆ ಅಂಗೈ ಹಿಡಿಯುವುದು. ಒಬ್ಬರು ಚಟ್ನಿ ಬೇಕೆಂದು ತಿಳಿಸಲು ಶೇಂಗಾ ಒಡೆಯುವ ಹಾಗೆ ನಟಿಸಿದರು. ಶಿವಬಸಪ್ಪನವರಿಗೆ ನೆತ್ತಿಗೆ ಹತ್ತಿದಾಗಲೂ ಪುಣ್ಯಾತ್ಮರು ಬಾಯಿ ಮುಚ್ಚಿಕೊಂಡೇ ಕೆಮ್ಮಿದರು. ಟಾಕಿಯ ಮೇಲಿನ ಬಾತು ಅಷ್ಟಕ್ಕೇ ಕತ್ತೆತ್ತಿ ಒಳಗೆ ನೋಡಿತು.

ಮರುದಿನ ಎಣ್ಣೆಗಾಯಿ ಮಾಡಿದೆ. ನನ್ನ ಎಣ್ಣೆಗಾಯಿಯ ವಾಸನೆ ಬಸ್ ನಿಲ್ದಾಣದ ತನಕ ಹೋಗುತ್ತದೆ, ಇದು ಹೊಗಳಿಕೆಯಲ್ಲ, ಬಸ್ಸು ತಪ್ಪಿಸಿಕೊಂಡವರು ಹೇಳಿದ್ದು. ಜನ ಬಂದು ಸಾಲಾಗಿ ಕೂತರು. ನಾನು ಎರಡೂ ಬಾಗಿಲು ತೆರೆದು ಬಾತುಗಳನ್ನೆಲ್ಲ ಒಳಗೆ ಬಿಟ್ಟೆ, ಆ ಸಣ್ಣದೊಂದು ಮಾತ್ರ ಮಾಳಿಗೆ ಬಿಟ್ಟು ಇಳಿಯಲಿಲ್ಲ. ಉಳಿದವು ಗೋಡೆಯ ಉದ್ದಕ್ಕೂ ಬೀಗರ ಹಾಗೆ ನಿಂತವು. ದ್ಯಾಮವ್ವನ ಕೈಗೆ ರೊಟ್ಟಿ ಬುಟ್ಟಿ ಕೊಟ್ಟೆ.

"ಇವತ್ತ ಕೈ ಸನ್ನಿ ಬಂದ್," ಎಂದೆ. "ಏನು ಬೇಕೋ ಬಾಯಿ ಬಿಟ್ಟು ಕೇಳ್ರಿ. ಬೊಟ್ಟು ತೋರಿಸಿದವರು ಬೊಟ್ಟ ತಿನ್ನಬೇಕಾಗ್ತದ."

ದ್ಯಾಮವ್ವ ಸಾಲಿನ ನಡುವೆ ಬುಟ್ಟಿ ಹಿಡಿದು ನಿಂತಳು. ಖಾಲಿ ತಾಟುಗಳು ಅವಳನ್ನು ನೋಡುತ್ತಿದ್ದವು, ತಾಟಿನ ಹಿಂದಿದ್ದವರು ನೋಡುತ್ತಿರಲಿಲ್ಲ. ಕೊನೆಗೆ ಟೇಲರ್ ದಾವಲಸಾಬರು ಗಂಟಲು ಸರಿಮಾಡಿಕೊಂಡರು. ಆ ಮನುಷ್ಯರ ಹತ್ತಿರ ಫೋನೇ ಇಲ್ಲ.

"ನನಗ ಎರಡು ರೊಟ್ಟಿ ಹಾಕವ್ವ ದ್ಯಾಮವ್ವ," ಎಂದರು, ಬೇಕಾದದ್ದಕ್ಕಿಂತ ದೊಡ್ಡ ದನಿಯಲ್ಲಿ. ಒಂದು ಬಾತೂ ಅಲುಗಲಿಲ್ಲ. ಅವರಿಗೆ ಅದರ ರುಚಿ ಹತ್ತಿತು. "ಎಣ್ಣಿಗಾಯಿನೂ ಹಾಕು. ಹಿಂಡಿ ಹಾಕು. ಮ್ಯಾಲ ಒಂದೀಟು ಮೊಸರ ಬಿಡು. ಉಳ್ಳಾಗಡ್ಡಿ ಐತೇನು? ಅದನ್ನೂ ತಾ." ಒಂದೊಂದು ಸಲ ಕೇಳಿದಾಗಲೂ ಅಕ್ಕಪಕ್ಕದವರನ್ನು ನೋಡುತ್ತಿದ್ದರು. "ಯಾಕ ಸಾವ್ಕಾರ್ರ, ಇವತ್ತ ಉಪಾಸ ಏನ್ರಿ?"

ಶಿವಬಸಪ್ಪನವರು ಬಗಲಲ್ಲೇ ಕೂತಿದ್ದರು. ದಾವಲಸಾಬರ ತಾಟಿನ ಬದನೆಕಾಯಿಯನ್ನು ನೋಡಿದರು. ಕಣ್ಣು ಮುಚ್ಚಿದರು. ವಾಸನೆಗೆ ಕಣ್ಣು ಮುಚ್ಚಿ ಏನು ಬಂತು?

"ದ್ಯಾಮವ್ವಾರ," ಎಂದರು, ಪಿಸುಮಾತಿನಲ್ಲಿ. "ಒಂದ ಎಣ್ಣಿಗಾಯಿ… ಆಗ್ತದೇನ್ರಿ?"

ಸಾಲಿನ ತುದಿಯಿಂದ ಒಂದು ಬಾತು ಹೊರಟಿತು. ತಾಟು ದಾಟಿತು, ಲೋಟ ಉರುಳಿಸಿತು, ದಾವಲಸಾಬರ ಮೊಸರಿನಲ್ಲಿ ಒಂದು ಹೆಜ್ಜೆ ಇಟ್ಟಿತು. ಸಾವ್ಕಾರರ ಮುಂದೆ ಬಂದು ನಿಂತು, "ತಮ್ಮ ಮಂಡಿ ಚಿಪ್ಪು," ಎನ್ನುವಷ್ಟರಲ್ಲಿ ಅವರು ಅದನ್ನು ಎರಡೂ ಕೈಯಿಂದ ಬಾಚಿ ತೊಡೆಯ ಮೇಲೆ ಇಟ್ಟುಕೊಂಡರು. ಅದರ ಬಾಯಿ ನಿಂತಿತು. ಅಷ್ಟರಲ್ಲಿ ಎಲ್ಲರೂ ಸರ್ರನೆ ತಿರುಗಿ ಗೋಡೆಗೆ ಮುಖ ಮಾಡಿಯಾಗಿತ್ತು, ಬಾಯಲ್ಲಿ ತುತ್ತಿದ್ದ ದಾವಲಸಾಬರೂ ಸೇರಿ.

"ಗ್ವಾಡಿ ಮ್ಯಾಲ ಊಟಾ ಹಾಕಿಲ್ಲ," ಎಂದೆ ನಾನು. "ಊಟಾ ತಾಟಿನಾಗ ಐತಿ. ಈ ಕಡೆ ತಿರುಗ್ರಿ."

ಅಂಥ ಮಾತನ್ನು ನಮ್ಮ ಊರಿನಲ್ಲಿ ಯಾರೂ ಅಂದಿರಲಿಲ್ಲ. ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಒಬ್ಬೊಬ್ಬರೇ ತಿರುಗಿದರು. ಶಿವಬಸಪ್ಪನವರ ಕಿವಿ ಕೆಂಪಗಾಗಿತ್ತು. ದ್ಯಾಮವ್ವ ಅವರನ್ನೂ ಅವರ ತೊಡೆಯ ಮೇಲಿದ್ದ ಬಾತನ್ನೂ ನೋಡಿದಳು. ದೀಪಾವಳಿಗೆ ತಂಡಕ್ಕೆಲ್ಲ ಪುಕ್ಕಟೆ ಅರಿವೆ ಕೊಟ್ಟವರು ಅವರೇ.

"ಎರಡು ತಗೋರಿ ಅಣ್ಣಾರ," ಎಂದು ಎಣ್ಣೆಗಾಯಿ ಬಡಿಸಿದಳು. "ನನ್ನ ಕೈಲೆ ಹತ್ತು ಆಗಂಗಿಲ್ಲ. ಎರಡು ಆಗ್ತಾವ."

ಮೊದಲು ನಕ್ಕವರು ಯಾರೋ ತಿಳಿಯಲಿಲ್ಲ. ನಗು ಸಾಲಿನ ಉದ್ದಕ್ಕೂ ಹೋಯಿತು, ಅದರ ಹಿಂದೆಯೇ ಹಸಿವೂ ಹೋಯಿತು. "ನನಗೊಂದು ರೊಟ್ಟಿ," ಎಂದ ಒಬ್ಬ. ಒಂದು ಬಾತು ಬಂತು. "ಸಾರು," ಎಂದ ಇನ್ನೊಬ್ಬ. ಇನ್ನೊಂದು ಬಂತು. ಒಬ್ಬ ಮಹಾಶಯ ಉಪ್ಪು ಕೇಳಿದ್ದಕ್ಕೆ ಏಳು ಬಂದವು. ಪಕ್ಕದವರು ಅವನಿಗೆ ಸರಿದು ಜಾಗ ಮಾಡಿಕೊಟ್ಟರು.

ಈ ಗದ್ದಲದ ನಡುವೆ ಹಿಂದಿನ ಸಾಲಿನಿಂದ ಕಲ್ಮೇಶ ಮೆಲ್ಲಗೆ ಎದ್ದ. ನನಗೆ ತರಕಾರಿ ತಂದು ಹಾಕುವ ಟೆಂಪೋದ ಹುಡುಗ, ಒಳ್ಳೆಯವನು. ತಾಟು ಮುಟ್ಟಿರಲಿಲ್ಲ. ಒಲೆಯ ಮುಂದಿನಿಂದಲೇ ನಾನು ದಿನವೂ ಕೇಳುವ ಮಾತನ್ನು ಕೇಳಿದೆ, "ಕಲ್ಮೇಶಾ, ನಾಳೆ ಬದನಿಕಾಯಿ ಎಷ್ಟು ತರ್ತಿ?"

"ಎರಡು ಬುಟ್ಟಿ ಅಕ್ಕಾರ," ಎಂದ. ರೂಢಿ ನೋಡಿ, ಬಾಯಿಗೆ ಬಂದುಬಿಟ್ಟಿತು.

ಮಾಳಿಗೆಯ ಮೆಟ್ಟಿಲಿನ ಮೇಲೆ ಸಪ್ಪಳವಾಯಿತು. ಆ ಸಣ್ಣ ಬಾತು ಒಂದೊಂದೇ ಮೆಟ್ಟಿಲು ಹಾರಿ ಹಾರಿ ಇಳಿದು ಬಂತು. ಅವನ ಚಪ್ಪಲಿಯ ಮುಂದೆ ನಿಂತು, "ನಿಮ್ಮವ್ವ ನಸುಕಿನಾಗ ಒಬ್ಬಾಕಿನ ಬಾವಿಗೆ ಬರ್ತಾಳ. ನನಗ ಗೊತ್ತೈತಿ," ಎಂದಿತು. ಎಲ್ಲರ ನಗು ನಿಂತಿತು. ಈ ಸಲ ಯಾರೂ ಗೋಡೆ ನೋಡಲಿಲ್ಲ.

ದ್ಯಾಮವ್ವ ಬುಟ್ಟಿ ಕೆಳಗಿಟ್ಟಳು. "ಗೊತ್ತಿರಲಾರದ ಏನು," ಎಂದಳು. "ಹೋದ ವರ್ಷ ನನಗ ಜ್ವರ ಬಂದಾಗ ನೀನ ಟೆಂಪೋದಾಗ ಮನಿಗೆ ಬಿಟ್ಟು ಬಂದಿ. ಆ ಬಾವಿ ನೀರಲೇ ಅವ್ವ ನಿನಗ ಚಾ ಮಾಡಿ ಕೊಟ್ಳು."

"ಟೆಂಪೋದ ಕಂತು ಕಟ್ಟೋ ರೊಕ್ಕ ಪಂಥಕ್ಕ ಹಾಕಿದ್ನಿ ಅಕ್ಕಾ," ಎಂದ ಕಲ್ಮೇಶ. ತಲೆ ಎತ್ತಲಿಲ್ಲ. "ಹತ್ತು ಆಗ್ತಾವಂತ ತಿಳದಿದ್ನಿ. ಸಿಟ್ಟು ಬಂತು, ಬರದೆ. ಖರೇನ ಏನೂ ಮಾಡ್ತಿದ್ದಿಲ್ಲ."

"ಮಾಡ್ತಿದ್ದಿಲ್ಲ ಅನ್ನೋದು ನಿನಗ ಗೊತ್ತಿತ್ತು. ನನಗ ಯಾರು ಹೇಳಬೇಕಿತ್ತು?"

ಕಲ್ಮೇಶ ಬಾಗಿ ಬಾತನ್ನು ಎತ್ತಿಕೊಂಡ.

"ನಿನ್ನ ಮನಿಗೆ ಒಯ್ಯಬ್ಯಾಡ," ಎಂದಳು ದ್ಯಾಮವ್ವ. "ನಮ್ಮೂರಿಗೆ ತಗೊಂಡು ಹೋಗು. ನಮ್ಮವ್ವನ ಮುಂದ ಕೆಳಗಿಡು. ಏನಂತೈತೋ ಆಕಿನೂ ಕೇಳಲಿ."

ಹಸಿದ ಹೊಟ್ಟೆಯಲ್ಲಿ ಇಂಥ ದಾರಿ ನಡೆಯಲಾಗುವುದಿಲ್ಲ ಎಂದು ನಾನು ಎರಡು ರೊಟ್ಟಿ ಕಟ್ಟಿ ಅವನ ಜೇಬಿಗೆ ತುರುಕಿದೆ. ಅವನು ಹೋದ.

ಸಂಜೆಯ ಬಸ್ಸಿನ ಹೊತ್ತಿಗೆ ದ್ಯಾಮವ್ವ ಚೀಲ ಹಿಡಿದು ಕಟ್ಟೆಯ ಮೇಲೆ ಕೂತಿದ್ದಳು. ಅವಳ ಫೋನು ರಿಂಗಾಯಿತು. ಅವಳ ಅವ್ವನ ದನಿ ಜೋರು, ನನಗೂ ಕೇಳುತ್ತಿತ್ತು.

"ದ್ಯಾಮೀ, ಆ ಟೆಂಪೋದ ಹುಡುಗ ಬಂದು ಭಾಳ ಹೊತ್ತಾತು, ಬಾತಕೋಳಿ ಅಪ್ಪಿಕೊಂಡು ಬಾಗಿಲದಾಗ ನಿಂತಾನ. ಮಾರಾಕ ಬಂದೀಯೇನೋ ಅಂದ್ರ ಅಲ್ಲ ಅಂತಾನ. ಕೆಳಗರೆ ಇಡಪಾ ಅಂದ್ರ ಅಳ್ತಾನ. ಏನ್ ಮಾಡ್ಲಿ?"

ದ್ಯಾಮವ್ವ ಚೀಲ ಕೆಳಗಿಟ್ಟಳು. ಎದುರಿಗೆ ಬಸ್ಸು ಬಂದು ನಿಂತಿತು, ಜನ ಹತ್ತಿದರು, ಹೊರಟಿತು.

"ಅವಂಗ ನಾಕು ಕೊಡ ನೀರು ಸೇದಾಕ ಹಚ್ಚವ್ವ," ಎಂದಳು.

"ಬಾತ ಹಿಡ್ಕೊಂಡು ಹೆಂಗ ಸೇದ್ತಾನ?"

"ಬಗಲಾಗ ಇಟ್ಕೊಳ್ಳಲಿ. ಸೇದಿದ ಮ್ಯಾಲ ಮನಿಗೆ ಒಯ್ಯಿ ಅನ್ನು. ಹೋಗೂ ಮುಂದ ಚಾ ಕೊಡು."

ಮರುದಿನ ಬೆಳಿಗ್ಗೆ ನಾನು ಹಿಟ್ಟು ನಾದುತ್ತಿರುವಾಗ ಮಾಳಿಗೆಯ ಮೇಲೆ "ಕಬಡ್ಡಿ ಕಬಡ್ಡಿ" ಶುರುವಾಯಿತು. ಕೈ ತಡೆದು ಕೇಳಿದೆ. ಯಾರೂ ನಡುವೆ ಬಾಯಿ ಹಾಕಲಿಲ್ಲ. ಉಸಿರು ಮುಗಿಯುವಷ್ಟರಲ್ಲಿ ಒಂದು ರೊಟ್ಟಿ ಮುಗಿದು ಇನ್ನೊಂದಕ್ಕೆ ಹಿಟ್ಟು ಹಿಡಿದಿದ್ದೆ.

ಎಲ್ಲ ಬಾತುಗಳೂ ಹೋದವೆಂದು ಹೇಳಿದರೆ ಸುಳ್ಳಾದೀತು. ಕೆಲವು ಬಸ್ಸು ಹತ್ತಿ ಬಂದ ಪರವೂರಿನವು. ಅವುಗಳ ಒಡೆಯರು ದ್ಯಾಮವ್ವನ ಮುಖವನ್ನಾಗಲಿ ನನ್ನ ಎಣ್ಣೆಗಾಯಿಯನ್ನಾಗಲಿ ಕಂಡವರಲ್ಲ, ಬರುವವರೂ ಅಲ್ಲ. ಅವು ಈಗಲೂ ನನ್ನ ಹಿತ್ತಲಲ್ಲೇ ಇವೆ. ಕೇಳುವವರು ಇಲ್ಲದಾಗ ಒಂದನ್ನೊಂದು ಬೈದುಕೊಳ್ಳುತ್ತವೆ. ಕಾಳು ಹಾಕಲು ಹೋದಾಗ ನಾನೂ ಎರಡು ಮಾತು ಅಂದು ಬರುತ್ತೇನೆ, ಬಾಯಿಮಾತಿನಲ್ಲಿ ಅಂದರೆ ನಮ್ಮಲ್ಲಿ ಏನೂ ಹುಟ್ಟುವುದಿಲ್ಲ.

ಫೈನಲ್ ನೋಡಲು ಖಾನಾವಳಿ ಮುಚ್ಚಿಕೊಂಡು ಹೋದೆ. ನನ್ನ ಬಗಲಿಗೆ ಶಿವಬಸಪ್ಪನವರು ಕೂತಿದ್ದರು, ಕೈಯಲ್ಲಿ ಫೋನು.

"ಸಾವ್ಕಾರ್ರ, ಮತ್ತ ಕಟ್ಟೀರೇನು?"

"ಸ್ವಲ್ಪ ರೀ, ಭಾಳೇನಿಲ್ಲ," ಎಂದರು ತಲೆ ತಗ್ಗಿಸಿ. "ಚಟ ನೋಡ್ರಿ."

ಆಟ ಹೋಗಿ ಹೋಗಿ ಮತ್ತೆ ಅಲ್ಲಿಗೇ ಬಂದು ನಿಂತಿತು. ಕೊನೆಯ ಸರದಿ, ತಂಡ ಒಂದೇ ಅಂಕ ಮುಂದೆ, ದ್ಯಾಮವ್ವನ ಲೆಕ್ಕ ಒಂಬತ್ತು. ಎದುರಾಳಿಗಳಲ್ಲಿ ಒಬ್ಬಳು ಬೇಕೆಂದೇ ಕಾಲು ಚಾಚಿ ಆಸೆ ತೋರಿಸುತ್ತಿದ್ದಳು. ಕೈ ಚಾಚಿದರೆ ಮುಟ್ಟಬಹುದಾದಷ್ಟು ಹತ್ತಿರ. ಮೈದಾನದ ಸುತ್ತ ಇದ್ದ ಫೋನುಗಳೆಲ್ಲ ಮೇಲೆದ್ದವು. ದ್ಯಾಮವ್ವ ಆ ಕಾಲನ್ನು ನೋಡಿದಳು. ಒಮ್ಮೆ ಜನರ ಕಡೆಗೂ ನೋಡಿದಳು. ಉಸಿರು ಎಲ್ಲೂ ಕಡಿಯಲಿಲ್ಲ. ಗೆರೆ ದಾಟಿದಳು, ಕಾಲನ್ನು ಅಲ್ಲೇ ಬಿಟ್ಟು ತಿರುಗಿ ನಡೆದು ಬಂದಳು. ಓಡಲೂ ಇಲ್ಲ.

ಗೆದ್ದದ್ದಕ್ಕೆ ಹಲಗೆ ಬಾರಿಸಿದರು. ಪಕ್ಕಕ್ಕೆ ನೋಡಿದರೆ ಸಾವ್ಕಾರರ ಬೆರಳು ಫೋನಿನ ಮೇಲೆ ಕುಟುಕುಟು ಓಡುತ್ತಿತ್ತು.

ನಾನು ಮನೆಗೆ ಬಂದು ಕಟ್ಟೆಯ ಮೇಲೆ ಕಾಳಿನ ಬುಟ್ಟಿ ಇಟ್ಟುಕೊಂಡು ಕೂತೆ. ದ್ಯಾಮವ್ವ ಬಂದು ಬಗಲಿಗೆ ಕೂತಳು. ಬಸ್ ನಿಲ್ದಾಣದ ಕಡೆಯಿಂದ ಪರವೂರಿನವು ಒಂದಷ್ಟು ಬಂದವು. ಆಮೇಲೆ ಪೇಟೆಯ ತಿರುವಿನಲ್ಲಿ ಒಂದೇ ಒಂದು ಕಾಣಿಸಿತು, ತಲೆ ತಗ್ಗಿಸಿ ಶಿಸ್ತಾಗಿ ನಡೆದು ಬರುತ್ತಿತ್ತು. ಅದರ ಹಿಂದೆ ಶಿವಬಸಪ್ಪನವರು. ಧೋತರದ ಚುಂಗು ಕೈಯಲ್ಲಿ ಹಿಡಿದು, ಆ ವಯಸ್ಸಿನಲ್ಲಿ, ಆ ಹೊಟ್ಟೆ ಇಟ್ಟುಕೊಂಡು, ಓಡುತ್ತಿದ್ದರು.

"ಗ್ವಾಡಿ ನೋಡ್ರಿ," ಎಂದರು ಯಾರೋ. ಜನ ರೂಢಿಯಂತೆ ತಿರುಗಿದರು. ದಾವಲಸಾಬರು ಮಾತ್ರ ಅಂಗಡಿಯಿಂದ ಇಳಿದು ಬೀದಿಗೆ ಬಂದು, "ಎಡಕ್ಕ ಹೊಂಟೈತ್ರಿ ಸಾವ್ಕಾರ್ರ, ಎಡಕ್ಕ," ಎಂದು ಕೂಗಿದರು. ಅಷ್ಟು ಕೇಳಿದ ಮೇಲೆ ಗೋಡೆ ನೋಡುವವರು ಯಾರು? ಓಣಿ ಪೂರ್ತಿ ಈ ಕಡೆ ತಿರುಗಿತು. ಒಬ್ಬರು ಸೈಕಲ್ಲು ಅಡ್ಡ ಹಿಡಿದರು. ನಮ್ಮ ಕೊನೆಯ ಮೆಟ್ಟಿಲಿನ ಹತ್ತಿರ ಅದು ಕತ್ತೆತ್ತಿ ಬಾಯಿ ತೆರೆಯುವಷ್ಟರಲ್ಲಿ ಸಾವ್ಕಾರರು ಬಿದ್ದು ಹಿಡಿದರು.

ಉಸಿರು ತಿರುಗಿದ ಮೇಲೆ ಬಾತನ್ನು ಎದೆಗವಚಿಕೊಂಡು ಎದ್ದು ನಿಂತರು. ನಂಬಿಕೆ ಸಾಲದೆ ಅದರ ಕೊಕ್ಕನ್ನೂ ಹಿಡಿದುಕೊಂಡಿದ್ದರು.

"ಏನ್ ಹೇಳಾಕ ಬಂದಿತ್ರಿ ಅಣ್ಣಾರ ಅದು?" ಎಂದು ಕೇಳಿದಳು ದ್ಯಾಮವ್ವ.

"ಏನಿಲ್ರಿ ದ್ಯಾಮವ್ವಾರ. ಚೊಲೋ ಆಡಿದ್ರಿ ಅಂತ."

"ಹೌದ್ರಿ? ಕೆಳಗ ಬಿಡ್ರಿ ಮತ್ತ, ಕೇಳೂಣು."

ಸಾವ್ಕಾರರು ಕೊಕ್ಕನ್ನು ಇನ್ನಷ್ಟು ಬಿಗಿಯಾಗಿ ಹಿಡಿದರು. ಅತ್ತ ನೋಡಿದರು, ಇತ್ತ ನೋಡಿದರು, ಕೊನೆಗೆ ನನ್ನನ್ನು ನೋಡಿದರು. "ಅಕ್ಕಾರ, ಊಟಾ ಐತೇನ್ರಿ?"

ಅವರು ಒಳಗೆ ಬಂದು ಕೂತರು. ಎಡಗೈಯಲ್ಲಿ ಬಾತಿತ್ತು. ಬಲಗೈ ಒಂದರಲ್ಲೇ ಖಡಕ್ ರೊಟ್ಟಿ ಮುರಿಯಲು ಹೋದರು, ಅದು ತಾಟಿನಿಂದ ಜಾರಿತು. ಮತ್ತೆ ಹಿಡಿದರು, ಮತ್ತೆ ಜಾರಿತು. ದ್ಯಾಮವ್ವ ಸ್ವಲ್ಪ ಹೊತ್ತು ನಿಂತು ನೋಡಿದಳು. ಆಮೇಲೆ ಎದುರಿಗೆ ಕೂತು, ರೊಟ್ಟಿಯನ್ನು ತೆಗೆದುಕೊಂಡು, ತುತ್ತಿಗೊಂದರಂತೆ ಮುರಿದು ಅವರ ತಾಟಿಗೆ ಹಾಕುತ್ತ ಹೋದಳು.